ಬನ್ನಿನೊಳಗಿನ ಪುಂಡಿಪಲ್ಯ

ಆಶಾರಾಣಿಯನ್ನು ಕಂಡರೆ ಮೊದಮೊದಲು ನನಗೆ ಆಗುತ್ತಲೇ ಇರಲಿಲ್ಲ. ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಿಂದ ಸ್ವಲ್ಪ ಒಳಕ್ಕಿರುವ ನಮ್ಮ ನರ್ಸಿಂಗ್ ಹೋಮಿನಲ್ಲಿ ಮೆಡಿಕಲ್ ಕೌಂಟರ್ ನನ್ನದು. ಜನ ಚೀಟಿ ಚಾಚಿಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಿರುವಾಗಲೇ ಈ ಹುಡುಗಿ ವಾರ್ಡಿನಿಂದ ಇಳಿದು ಬಂದು ಪಕ್ಕದ ಬಾಗಿಲಲ್ಲಿ ತಲೆ ಹಾಕುತ್ತಿದ್ದಳು. "ಬೃಂದಕ್ಕಾ, ಈ ನೋವಿನ ಮಾತ್ರೆ ವಾಪಸ್ ತಗೊಳ್ರಿ. ಅವರಿಗೆ ಕಿಡ್ನಿ ವೀಕ್ ಐತಿ, ಡಾಕ್ಟರಿಗೆ ಹೇಳಿ ಬೇರೆ ಬರೆಸೀನಿ." ಸರಿ, ಹಾಕಿದ ಬಿಲ್ಲು ರದ್ದು ಮಾಡಬೇಕು, ಹೊಸದು ಹಾಕಬೇಕು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇನ್ನೊಂದು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. "ನಿನ್ನೊಬ್ಳಿಗೇ ಹೆಂಗೇ ಗೊತ್ತಾಗುತ್ತೆ ಇದೆಲ್ಲಾ?" ಎಂದು ರೇಗಿದರೆ, "ಕೇಳಿದ್ರ ಹೇಳ್ತಾರಕ್ಕಾ" ಎಂದು ಹೊರಟುಬಿಡುತ್ತಿದ್ದಳು.

ಕೇಳುವುದೇ ಅವಳ ಕೆಲಸದ ಮುಕ್ಕಾಲು ಪಾಲು. ಶಿವಾಜಿನಗರದ ಆತಿಕಾ ಎಂಬ ಹೆಂಗಸು ಒಮ್ಮೆ ಎದೆ ಕಫಕ್ಕೆ ಅಡ್ಮಿಟ್ ಆಗಿದ್ದರು. ಯಾವುದಾದರೂ ಔಷಧಿ ಒಗ್ಗುವುದಿಲ್ಲವೇ ಎಂದರೆ ಇಲ್ಲ ಎಂದರು, ಫೈಲಿನಲ್ಲೂ ಹಾಗೇ ಬರೆದಿತ್ತು. ಆಶಾ ಸಿರಿಂಜು ಹಿಡಿದುಕೊಂಡೇ ಇನ್ನೊಂದು ಥರ ಕೇಳಿದಳು: "ಯಾವಾಗಾದ್ರೂ ಇಂಜೆಕ್ಷನ್ ಹಾಕಿಸ್ಕೊಂಡ್ಮೇಲೆ ಮೈ ಕೆರೆದಿತ್ತಾ, ಆಂಟಿ?" "ಅರೆ, ಅದಾ! ಮದ್ವೆಗೆ ಮುಂಚೆ ಆಗಿತ್ತು. ಮುಖ ಎಲ್ಲಾ ಊದ್ಕೊಂಡು ಉಸ್ರೇ ನಿಂತೋಗಿತ್ತು ಬೇಟಿ." ಸಿರಿಂಜು ಹಾಗೆಯೇ ಟ್ರೇಗೆ ವಾಪಸ್ ಹೋಯಿತು. ಡಾಕ್ಟರು ಬೇರೆ ಔಷಧಿ ಬರೆದರು. ಆತಿಕಾ ಗುಣವಾಗಿ ಮನೆಗೆ ಹೋದರು, ತಮಗೆ ಏನು ತಪ್ಪಿತೆಂದು ಅವರಿಗೆ ಗೊತ್ತೇ ಆಗಲಿಲ್ಲ.

ಒಂದು ಪ್ರಶ್ನೆಯನ್ನು ಮಾತ್ರ ಅವಳು ಯಾರಿಗೂ ಕೇಳುತ್ತಿರಲಿಲ್ಲ. ಊಟ ಆಯ್ತಾ ಎಂಬ ಪ್ರಶ್ನೆ. "ಊಟ ಆಯ್ತಾ ಅಂದ್ರ ಎಲ್ಲಾರೂ ಆಯ್ತು ಅಂತಾರಕ್ಕಾ. ಆಗಿರ್ಲಿ ಬಿಡ್ಲಿ. ಅದನ್ನ ನಂಬಿ ಸಕ್ಕರೆ ಕಾಯಿಲೆಯವರಿಗೆ ಮಾತ್ರೆ ಕೊಟ್ರ, ಆಮ್ಯಾಗ ಬೆವತು ನಡುಗಿ ಬೀಳ್ತಾರ. ಏನ್ ತಿಂದ್ರಿ ಅಂತ ಕೇಳ್ಬೇಕು." ಇದೊಳ್ಳೇ ಕಥೆ ಎಂದು ನಾನು ನಕ್ಕಿದ್ದೆ. ನನಗೆ ದಿನಕ್ಕೆ ನೂರು ಜನ ಊಟ ಆಯ್ತಾ ಎನ್ನುತ್ತಾರೆ. ಉತ್ತರಕ್ಕೆ ನಿಲ್ಲುವವರು ಯಾರಿದ್ದಾರೆ?

ಆಶಾಳ ಊರು ಲಿಂಗಸುಗೂರಿನ ಕಡೆ, ಜೋಳದ ರೊಟ್ಟಿಗೆ ಪುಂಡಿಪಲ್ಯ ಎಂಬ ಹುಳಿಸೊಪ್ಪಿನ ಪಲ್ಯ ನಂಚಿಕೊಳ್ಳುವ ಸೀಮೆ. ತಾಯಿ ಶರಣವ್ವ ಅಲ್ಲಿನ ಅಂಗನವಾಡಿಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ ಹಾಕುತ್ತಾಳೆ. ಆಶಾ ಇಲ್ಲಿ ರಾಮಮೂರ್ತಿ ನಗರದಲ್ಲಿ ಮೂರನೇ ಮಹಡಿಯ ಒಂದು ರೂಮಿನಲ್ಲಿದ್ದಳು. ಜೊತೆಗಿದ್ದ ಹುಡುಗಿ ಮದುವೆಯಾಗಿ ಹೋಗುವಾಗ ಗ್ಯಾಸ್ ಸ್ಟೋವನ್ನೂ ತೆಗೆದುಕೊಂಡು ಹೋದಳು, ಸ್ಟೋವು ಅವಳದೇ. ಇವಳು ಇನ್ನೊಂದು ತರಲಿಲ್ಲ. ಒಬ್ಬಳಿಗೋಸ್ಕರ ಒಲೆ ಹಚ್ಚುವುದೇನು ಎಂದಳು. ರಜೆಯ ದಿನ ಏನು ಮಾಡುತ್ತೀ ಎಂದು ಒಮ್ಮೆ ಕೇಳಿದೆ. "ಮಲಗ್ತೀನಿ. ಸಂಜಿಕ ಬಸ್ ಸ್ಟ್ಯಾಂಡಿಗೆ ಬಂದು ಮಂದಿ ನೋಡ್ಕೋತ ನಿಂದರ್ತೀನಿ" ಎಂದಳು. ನಮ್ಮ ಮನೆಯಲ್ಲಿ ಅತ್ತೆ, ಮಾವ, ಮೈದುನ, ಅವನ ಮಕ್ಕಳು ಎಲ್ಲ ಸೇರಿ ಬಚ್ಚಲಿಗೆ ಹೋಗಲೂ ಸರದಿ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚೇ ಆಯಿತು, ನಿಜ ಹೇಳುತ್ತೇನೆ.

ದಿನಾ ಮಧ್ಯಾಹ್ನ ಶರಣವ್ವನ ಫೋನು ಬರುತ್ತಿತ್ತು. ಆಶಾಳ ಕೈಗೆ ಯಾವಾಗಲೂ ಏನಾದರೊಂದು ಕೆಲಸ ಇರುತ್ತಿದ್ದುದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದಳು. ಹಾಗಾಗಿ ಆ ತಾಯಿಯ ದನಿ ಇಡೀ ವಾರ್ಡಿಗೆ ಪರಿಚಯ.

ಆ ದಿನಗಳಲ್ಲೇ ಹಲಸೂರಿನ ಆದಿನಾರಾಯಣ ಅವರು ಬಂದದ್ದು. ಹಲಸೂರು ಪೇಟೆಯಲ್ಲಿ ಫೋಟೋಗೆ ಕಟ್ಟು ಹಾಕುವ ಅಂಗಡಿ ಅವರದು. ವರ್ಷಗಳ ಹಿಂದೆ ಹೃದಯದ ಆಪರೇಷನ್ ಆಗಿ ಒಳಗೆ ಲೋಹದ ವಾಲ್ವ್ ಕೂರಿಸಿದ್ದರು. ಹತ್ತಿರ ನಿಂತರೆ ಟಕ್ ಟಕ್ ಎಂದು ಕೇಳಿಸುತ್ತಿತ್ತು. ಅಂಥವರು ರಕ್ತ ಹೆಪ್ಪುಗಟ್ಟದಂತೆ ಜೀವನಪರ್ಯಂತ ಒಂದು ಮಾತ್ರೆ ನುಂಗಬೇಕು. ಅದು ಕಡಿಮೆಯಾದರೆ ವಾಲ್ವಿನ ಮೇಲೆ ರಕ್ತ ಗಟ್ಟಿಯಾಗಿ ಪ್ರಾಣಕ್ಕೆ ಕುತ್ತು ಬರುತ್ತದೆ, ಹೆಚ್ಚಾದರೆ ಸುರಿಯುವ ರಕ್ತ ನಿಲ್ಲುವುದಿಲ್ಲ. ಇವರಿಗೆ ಅಂಗಡಿಯಲ್ಲಿ ಗಾಜು ತಾಗಿ ಬೆರಳು ಕೊಯ್ದಿತ್ತು. ಸುತ್ತಿದ ಬಟ್ಟೆಯೆಲ್ಲ ತೊಯ್ದರೂ ರಕ್ತ ನಿಂತಿರಲಿಲ್ಲ. ತೋಳಿನಲ್ಲಿ ಅಲ್ಲಲ್ಲಿ ನೀಲಿ ಕಲೆ. ಪರೀಕ್ಷೆ ಮಾಡಿದರೆ, ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ, ಮೂರರ ಆಸುಪಾಸು ಇರಬೇಕಾದ ಅಂಕಿ ಏಳು ದಾಟಿ ಕೂತಿತ್ತು.

ಡಾಕ್ಟರ್ ಮಧುಕರ್ ಮಾತ್ರೆ ನಿಲ್ಲಿಸಿ ಅಡ್ಮಿಟ್ ಮಾಡಿಕೊಂಡರು. ವರ್ಷಗಟ್ಟಲೆ ಅದೇ ಮಾತ್ರೆ, ಅದೇ ಅಳತೆ, ಎಲ್ಲ ಸರಿಯಾಗಿತ್ತು. ಈಗೇಕೆ ಹೀಗೆ? ಡಾಕ್ಟರು ಆಶಾಳಿಗೆ ಹೇಳಿದರು, "ಕಾರಣ ಗೊತ್ತಾಗದೆ ಡೋಸ್ ಇಳಿಸಿಬಿಟ್ರೆ, ನಾಳೆ ಆ ಕಾರಣ ಇಲ್ಲದೆ ಹೋದಾಗ ವಾಲ್ವ್ ಕಟ್ಟಿಕೊಳ್ಳುತ್ತೆ. ನಾನು ಕೇಳಿದ್ರೆ ಬಾಯೇ ಬಿಡ್ತಿಲ್ಲ. ನೀವು ಸ್ವಲ್ಪ ಕೂತು ಮಾತಾಡ್ಸಿ, ಸಿಸ್ಟರ್."

ಆಶಾ ಕೇಳಿದ್ದೇ ಕೇಳಿದ್ದು. ಮಂಡಿ ನೋವಿಗೆ ಮೆಡಿಕಲ್ಲಿನಲ್ಲಿ ಮಾತ್ರೆ ತಗೊಂಡ್ರಾ? ಇಲ್ಲ. ಜ್ವರ ಬಂದಿತ್ತಾ, ಯಾರಾದ್ರೂ ಆಂಟಿಬಯಾಟಿಕ್ ಕೊಟ್ರಾ? ಇಲ್ಲ. ಕಷಾಯ, ಲೇಹ, ಪಕ್ಕದ ಮನೆಯವರ ಮಾತ್ರೆ? ಇಲ್ಲಮ್ಮಾ ಇಲ್ಲ. ಮರೆತು ಎರಡು ಸಲ ನುಂಗಿದ್ರಾ? "ನಂಗೇನ್ ಅರಳುಮರಳಾ?" ಎಂದು ಸಿಡುಕಿದರು. ಕೊನೆಗೆ, ಏನ್ ತಿಂತೀರಿ ಅಂಕಲ್ ಎಂದಳು.

"ಮನೆ ಊಟ. ನಮ್ಮನೆಯವ್ಳು ಶಾಂತಕುಮಾರಿ ದಿನಾ ಸೊಪ್ಪು ಮಾಡ್ತಾಳೆ. ಬಸ್ಸಾರು, ಮಸ್ಸೊಪ್ಪು. ಸೊಪ್ಪಿಲ್ದೆ ನಮ್ಮನೇಲಿ ತುತ್ತು ಇಳಿಯಲ್ಲ."

ಸೊಪ್ಪಿನಲ್ಲಿ ರಕ್ತವನ್ನು ಗಟ್ಟಿ ಮಾಡುವ ಅಂಶವಿರುತ್ತದೆ, ಅದು ಈ ಮಾತ್ರೆಗೆ ಎದುರಾಳಿ. ದಿನಾ ಒಂದೇ ಅಳತೆಯಲ್ಲಿ ತಿನ್ನುವವರಿಗೆ ಅದಕ್ಕೆ ತಕ್ಕ ಮಾತ್ರೆ ಹೊಂದಿಸಿರುತ್ತಾರೆ. ಮುಂಚಿನ ಹಾಗೆಯೇ ತಿನ್ನುತ್ತಿದ್ದರೆ ಅಂಕಿ ಹೀಗೆ ಏರಲು ಅಲ್ಲಿ ಕಾರಣವಿರಲಿಲ್ಲ. ಆಶಾ ಮಂಕಾಗಿ ನನ್ನ ಹತ್ತಿರ ಬಂದಳು. "ಏನೋ ಮುಚ್ಚಿಡ್ತಾರಕ್ಕಾ. ದಿನಾ ಸೊಪ್ಪು ಮಾಡಿ ಹಾಕೋರು ಒಂದ್ಸಲಾನೂ ನೋಡಾಕ ಬಂದಿಲ್ಲ." ಮಂಡಿ ನೋವು, ಮೆಟ್ಟಿಲು ಹತ್ತಲಾರಳು ಎಂದು ಅವರು ಹೇಳಿದ್ದರಂತೆ. ಸಂಜೆ ನೋಡುವವರು ಬರುವ ಹೊತ್ತಿಗೆ, ಅಕ್ಕಪಕ್ಕದ ಮಂಚಗಳ ಸುತ್ತ ಜನ ಗುಂಪುಗೂಡಿ ಡಬ್ಬಿ ಬಿಚ್ಚುವಾಗ, ಅವರು ಗೋಡೆ ಕಡೆ ತಿರುಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಿದ್ದೆಯಲ್ಲ ಅದು. ನಾನೇ ಒಂದು ಸಲ ನೋಡಿದೆ, ರೆಪ್ಪೆ ಅದುರುತ್ತಿತ್ತು.

ಮಾರನೆಯ ದಿನ ಮಧ್ಯಾಹ್ನ ಔಷಧಿಯ ಡಬ್ಬ ಕೊಡಲು ನಾನೇ ಮೇಲೆ ಹೋದೆ. ಆಶಾ ಆದಿನಾರಾಯಣರ ಮಂಚದ ಪಕ್ಕ ನಿಂತು ಒಂದು ಕೈಯಲ್ಲಿ ಡ್ರಿಪ್ ಸರಿಮಾಡುತ್ತಿದ್ದಳು. ಇನ್ನೊಂದು ಕೈಯಲ್ಲಿ ಬೇಕರಿಯ ಬನ್ನು. ಫೋನು ಟ್ರೇ ಮೇಲೆ ಮಾತಾಡುತ್ತಿತ್ತು.

"ಉಂಡೇನವ್ವಾ?"

"ಉಂಡೆ ಬೇ ಯವ್ವಾ."

"ಏನ್ ಉಂಡಿ?"

"ರೊಟ್ಟಿ. ಪುಂಡಿಪಲ್ಯ."

"ಅಲ್ಲಿ ಪುಂಡಿಪಲ್ಯ ಎಲ್ಲಿ ಸಿಗ್ತೈತಿ?"

"ಸಿಗ್ತೈತಿ ಬೇ. ಇಲ್ಲೇ ಬಾಜೂಕ ಕೆ.ಆರ್. ಪುರ ಸಂತ್ಯಾಗ. ಹೊಟ್ಟಿ ತುಂಬಾ ಉಂಡೀನಿ, ನೀ ಚಿಂತಿ ಮಾಡ್ಬ್ಯಾಡ."

ಫೋನು ನಿಂತಿತು. ಆದಿನಾರಾಯಣ ಕಣ್ಣು ತೆರೆದರು. ಬನ್ನನ್ನೇ ನೋಡಿದರು. "ಏನಮ್ಮಾ ಸಿಸ್ಟರ್, ಪುಂಡಿಪಲ್ಯ ಆ ಬನ್ನಿನೊಳಗೆ ಇಟ್ಟವ್ರಾ?"

ನಾನು ಘೊಳ್ಳೆಂದು ನಕ್ಕುಬಿಟ್ಟೆ. ಆಶಾ ನಗಲಿಲ್ಲ. ಮುಖ ಕೆಂಪಗಾಯಿತು, ಆಮೇಲೆ ಕಣ್ಣು ತುಂಬಿ ಬಂತು. ಸ್ಟೂಲ್ ಎಳೆದುಕೊಂಡು ಕೂತಳು. "ಹೌದು ಅಂಕಲ್, ಸುಳ್ಳು ಹೇಳಿದೆ. ದಿನಾ ಹೇಳ್ತೀನಿ. ನಿಜ ಹೇಳಿದ್ರೆ ನಮ್ಮವ್ವ ಅಲ್ಲಿ ಅನ್ನ ಬಿಡ್ತಾಳೆ. ಮಾಡ್ಕೊಳ್ಳೋಕೆ ನಂಗೆ ಬರಲ್ಲ ಅಂತೇನಿಲ್ಲ. ಮಾಡಿ, ಗೋಡೆ ನೋಡ್ಕೊಂಡು ಒಬ್ಳೇ ತಿನ್ನೋಕೆ ಆಗಲ್ಲ. ನನ್ನ ಸುಳ್ಳಿಂದ ಯಾರ್ದೂ ಪ್ರಾಣ ಹೋಗಲ್ಲ ಅಂಕಲ್. ನಿಮ್ಮದ್ರಿಂದ ಹೋಗುತ್ತೆ. ಈಗ ನಿಮ್ದು ಹೇಳಿ."

ನಾನು ಔಷಧಿಯ ಡಬ್ಬ ಕೆಳಗಿಟ್ಟೆ. ಆದಿನಾರಾಯಣರ ಎದೆಯ ಟಕ್ ಟಕ್ ನನಗೂ ಕೇಳಿಸುತ್ತಿತ್ತು.

"ಅವ್ಳು ಹೋಗ್ಬಿಟ್ಳಮ್ಮಾ" ಎಂದರು. "ಯುಗಾದಿ ಆದ್ಮೇಲೆ. ಮಾಲೂರಿಗೆ, ತಮ್ಮನ ಮನೆಗೆ. ದಿನವೆಲ್ಲಾ ಅಂಗಡೀಲಿ ಊರೋರ ಫೋಟೋ ಒರೆಸ್ತೀರಿ, ನನ್ ಮುಖ ನೋಡಿ ಎಷ್ಟ್ ವರ್ಷ ಆಯ್ತು ಅಂದ್ಲು. ನಾನು ಅದ್ಕೂ ಏನೂ ಹೇಳ್ಲಿಲ್ಲ. ಚೀಲ ತಗೊಂಡ್ಳು, ಹೋದ್ಳು. ಪೇಟೆಯವ್ರಿಗೆ ಮದ್ವೆಗೆ ಹೋಗವ್ಳೆ ಅಂದಿದೀನಿ. ಎಷ್ಟ್ ದಿನ ಅಂತ ಮದ್ವೆ ಮಾಡ್ಸೋದು? ಊಟ ಆಯ್ತಾ ಅಂತಾರೆ, ಆಯ್ತು ಅಂತೀನಿ. ಟೀ, ಬ್ರೆಡ್ಡು, ಅಷ್ಟೇ. ಸೊಪ್ಪು ನೋಡಿಲ್ಲ ಅವತ್ತಿಂದ. ರಾತ್ರಿ ಮನೇಲಿ ಇದೊಂದೇ ಸದ್ದು" ಎಂದು ಎದೆ ಮುಟ್ಟಿಕೊಂಡರು.

ಅಷ್ಟೇ. ಸೊಪ್ಪು ನಿಂತಿತ್ತು, ಊಟವೂ ಹೆಚ್ಚುಕಡಿಮೆ ನಿಂತಿತ್ತು, ಮಾತ್ರೆ ಮಾತ್ರ ಹಳೆಯ ಅಳತೆಯಲ್ಲೇ ಹೋಗುತ್ತಿತ್ತು. ಎದುರಾಳಿ ಇಲ್ಲದ ಮನೆಯಲ್ಲಿ ಅದರದೇ ಕಾರುಬಾರಾಗಿತ್ತು. ಆಶಾ ಅವರ ಕೈ ಹಿಡಿದು, "ಡಾಕ್ಟರಿಗೆ ಊಟದ ವಿಷಯ ಮಾತ್ರ ಹೇಳ್ತೀನಿ, ಮನೆ ವಿಷಯ ಹೇಳಲ್ಲ" ಎಂದಳು. ಹಾಗೆಯೇ ಮಾಡಿದಳು ಕೂಡ. ನನಗೂ ಬಾಯಿ ಬಿಡಬಾರದೆಂದು ತಾಕೀತು ಮಾಡಿದಳು.

ಅಂಕಿ ಇಳಿದ ಮೇಲೆ ಡಾಕ್ಟರು ಮಾತ್ರೆ ಮತ್ತೆ ಶುರು ಮಾಡಿದರು. ಅಳತೆ ಕೂಡುವ ತನಕ ಪ್ರತಿ ವಾರ ರಕ್ತ ಪರೀಕ್ಷೆ. ಹೋಗುವಾಗ ಆಶಾ ಹೇಳಿದ್ದು ಒಂದೇ: "ಸೊಪ್ಪು ಬಿಡಬೇಡಿ, ಒಂದೇ ದಿನ ರಾಶಿ ತಿನ್ನಲೂ ಬೇಡಿ. ದಿನಾ ಒಂದೇ ಅಳತೆ. ಯಾರು ಏನೇ ಮಾತ್ರೆ ಕೊಟ್ರೂ ನಮ್ಮನ್ನ ಕೇಳ್ದೆ ನುಂಗಬೇಡಿ. ಗಾಜು ಮುಟ್ಟುವಾಗ ಕೈಗೆ ಗ್ಲೌಸ್ ಹಾಕ್ಕೊಳಿ."

"ಬೇಯ್ಸೋಕೇ ಬರಲ್ವಲ್ಲಮ್ಮಾ ನಂಗೆ" ಎಂದರು ಅವರು.

ಬಸ್ಸಾರು ಕಲಿಸಿದ್ದು ನಾನು. ಕೌಂಟರಿನ ಕಿಂಡಿಯಲ್ಲಿ, ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಳ್ಳುತ್ತಿರುವಾಗಲೇ. ಬೇಳೆ ಮುಕ್ಕಾಲು ಬೆಂದ ಮೇಲೆ ದಂಟಿನ ಸೊಪ್ಪು ಹಾಕಿ, ಬಸಿದ ನೀರು ಚೆಲ್ಲಬೇಡಿ, ಸಾರು ಅದರಲ್ಲೇ ಎಂದರೆ, ಹಿಂದೆ ನಿಂತಿದ್ದ ಒಬ್ಬಾಕೆ ಖಾರಕ್ಕೆ ಬೆಳ್ಳುಳ್ಳಿ ಸುಟ್ಟು ಹಾಕಿ ಎಂದಳು. ಇನ್ನೊಬ್ಬಾಕೆ, ಬೆಳ್ಳುಳ್ಳಿ ಸುಡೋದು ಯಾವೂರ ಪದ್ಧತಿ ಎಂದು ಜಗಳಕ್ಕೇ ನಿಂತಳು. ಆದಿನಾರಾಯಣ ಗಂಭೀರವಾಗಿ ತಲೆಯಾಡಿಸಿ ಹೋದರು.

ವಾರ ವಾರ ಬಂದರು. ಮೊದಲು ಅಂಕಿ ಮೇಲೆ ಕೆಳಗೆ ಆಡಿತು, ಮಾತ್ರೆಯನ್ನು ಒಂದಿಷ್ಟು ಆಚೀಚೆ ಮಾಡಿದರು, ಕಡೆಗೆ ಮೂರರ ಹತ್ತಿರ ನಿಂತಿತು. ಶಾಂತಕುಮಾರಿ ಬರಲಿಲ್ಲ. ಆದಿನಾರಾಯಣ ಅವರೇ ಫೋನು ಮಾಡಿದ್ದರಂತೆ. ಆಕೆ ಎತ್ತಿ, ಹುಷಾರಾಗಿದ್ದೀರಾ ಎಂದು ಕೇಳಿ ಇಟ್ಟುಬಿಟ್ಟಳಂತೆ. ರಿಪೋರ್ಟು ಹಿಡಿದು ಅವರು ಆಶಾಳಿಗೆ ಹೇಳಿದರು, "ನಂದು ಸರಿಹೋಯ್ತು. ನಿಮ್ ಲೆವೆಲ್ಲು ಎಲ್ಲಿಗ್ ಬಂತು, ಸಿಸ್ಟರ್?" ಅವಳು ನಕ್ಕು ಒಳಗೆ ಹೋದಳು. ಅವತ್ತೂ ಅವಳ ಏಪ್ರನ್ನಿನ ಜೇಬಿನಲ್ಲಿ ಬನ್ನಿತ್ತು.

ಮುಂದಿನ ಸಲ ಬಂದಾಗ ನನ್ನ ಕೌಂಟರಿನ ಮೇಲೆ ಒಂದು ಸ್ಟೀಲ್ ಡಬ್ಬಿ ಇಟ್ಟರು. "ಇಬ್ರಿಗಾಗೋಷ್ಟು ಮಾಡೋದೇ ಅಭ್ಯಾಸ ಆಗೋಯ್ತು. ಅವ್ರಿಗೆ ಕೊಡಿ. ನೀವೂ ಜೊತೇಲಿ ಕೂತ್ಕೊಳಿ. ಒಬ್ರೇ ಬೇಡ" ಎಂದು ಹೊರಟೇಹೋದರು.

ಸ್ಟಾಫ್ ರೂಮಿನಲ್ಲಿ ಕೂತೆವು. ಮುದ್ದೆ ಗಂಟುಗಂಟು, ಸಾರಿಗೆ ಉಪ್ಪು ಜಾಸ್ತಿ. ಹಾಳಾದ ಬೆಳ್ಳುಳ್ಳಿಯನ್ನು ಸುಟ್ಟೇ ಹಾಕಿದ್ದರು. ಆಶಾ ಒಂದು ತುತ್ತೂ ಬಿಡದೆ ತಿಂದಳು. ಅಷ್ಟು ಹಸಿವು ಆ ಮೈಯಲ್ಲಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಅವಳು ಡಬ್ಬಿ ತೊಳೆಯುತ್ತಿರುವಾಗ ಫೋನು ಬಂತು. ಕೈ ಒದ್ದೆ. ನಾನೇ ಒತ್ತಿ ಸ್ಪೀಕರಿಗೆ ಹಾಕಿದೆ.

"ಉಂಡೇನವ್ವಾ?"

"ಉಂಡೆ ಬೇ ಯವ್ವಾ" ಎಂದಳು ಆಶಾ. ದಿನಾ ಹೇಳುವ ಮಾತೇ, ದನಿ ಮಾತ್ರ ಬೇರೆ.

ಆ ಕಡೆ ಶರಣವ್ವ ಏನು ಉಂಡಿ ಎಂದು ಕೇಳಲೇ ಇಲ್ಲ. ಲೈನು ಹೋಯಿತೇನೋ ಎಂದು ನಾನು ಫೋನು ನೋಡಿದೆ. ಆಮೇಲೆ ದನಿ ಬಂತು, ಒಡೆದ ದನಿ.

"ಇವತ್ತ ಖರೇನ ಉಂಡೀ ನೋಡವ್ವಾ ನೀ."

ನಲ್ಲಿ ಸುರಿಯುತ್ತಲೇ ಇತ್ತು. ಆಶಾ ಅದನ್ನು ನಿಲ್ಲಿಸಲಿಲ್ಲ, ನಾನೂ ನಿಲ್ಲಿಸಲಿಲ್ಲ.