ಹೊಗೆ ಕಣೇ

ಇವತ್ತು ಪಾರ್ಕಿನ ಹತ್ತಿರ ತರಗೆಲೆ ಸುಡುತ್ತಿದ್ದರು. ಆ ಹೊಗೆಗೆ ನಮ್ಮ ಲಕ್ಷ್ಮೀಪುರಂ ಮನೆಯ ಬಚ್ಚಲು ನೆನಪಾಯಿತು.

ಅಳು ಬಂದಾಗಲೆಲ್ಲ ಅಮ್ಮ ಹಂಡೆ ಒಲೆಯ ಮುಂದೆ ಕೂತು ಹಸಿ ಸೌದೆ ಊದುತ್ತಿದ್ದಳು. ಕಣ್ಣು ಯಾಕೆ ಕೆಂಪು ಎಂದು ಕೇಳಿದರೆ, "ಹೊಗೆ ಕಣೇ" ಅನ್ನುತ್ತಿದ್ದಳು.

ಪಕ್ಕದ ಮನೆಯ ಮಾಮ ಕವಿ, ಕಾದಂಬರಿಕಾರ. ಒಂದು ದಿನ ಪೆಪ್ಪರಮೆಂಟು ಕೊಟ್ಟು, "ನಿಮ್ಮಮ್ಮ ಅಷ್ಟೊತ್ತು ಒಲೆ ಮುಂದೆ ಯಾಕಮ್ಮ ಕೂರ್ತಾರೆ? ಯಾರ್ಗೂ ಹೇಳಲ್ಲ" ಎಂದರು. ಹೇಳಿಬಿಟ್ಟೆ.

ಅವರ ಮುಂದಿನ ಕಾದಂಬರಿಯಲ್ಲಿ ಆ ಒಲೆಯೂ ಇತ್ತು, ಆ ಮಾತೂ ಇತ್ತು. ಅದಕ್ಕೇ ಬಹುಮಾನ ಬಂತು. ಓದಿದ ಅಮ್ಮ, "ನೀನಾ ಹೇಳಿದ್ದು?" ಎಂದಳು. ಇಲ್ಲವೆಂದೆ.

ಮರುದಿನದಿಂದ ಒಲೆಯ ಕೆಲಸ ನನಗೆ ಬಂತು. ಆಮೇಲೆ ಅಮ್ಮ ಎಲ್ಲಿ ಅಳುತ್ತಿದ್ದಳೋ ತಿಳಿಯಲಿಲ್ಲ.

"ಯಾಕಜ್ಜಿ, ಕಣ್ಣಲ್ಲಿ ನೀರು?" ಎಂದಳು ಮೊಮ್ಮಗಳು. ಅಮ್ಮನ ಮಾತೇ ಬಾಯಿಗೆ ಬಂತು. ಅದೀಗ ಮಾಮನದು. ನುಂಗಿಕೊಂಡೆ.