ಎಡಬಲ ಅದಲುಬದಲಾಗಿ ಎದ್ದ ಕಟ್ಟಡ

ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ಬಸ್ಸು ನನ್ನನ್ನು ದಿಬ್ಬದ ಬುಡದಲ್ಲಿ ಇಳಿಸಿ ಹೋಯಿತು. ಧೂಳು ಇಳಿದ ಮೇಲೆ ತಲೆಯೆತ್ತಿ ನೋಡಿದೆ. ಎರಡು ತಿಂಗಳ ಹಿಂದೆ ಜಾಲಿಗಿಡಗಳಷ್ಟೇ ಇದ್ದ ಜಾಗದಲ್ಲಿ ಕಲ್ಲಿನ ಗೋಡೆಗಳು ಕಿಟಕಿಯ ಎತ್ತರಕ್ಕೆ ಬಂದು ನಿಂತಿದ್ದವು. ನಾನು ನಕ್ಷೆ ಬರೆದ ಮೊದಲ ಕಟ್ಟಡ ಅದು. ಸಂತೋಷದಿಂದ ದಿಬ್ಬದ ಕಡೆ ಸರಸರ ನಡೆದೆ. ಆದರೆ ನಾಲ್ಕು ಹೆಜ್ಜೆ ಇಟ್ಟ ಮೇಲೆ ಕಾಲು ತಾನಾಗಿಯೇ ನಿಂತಿತು. ಕಟ್ಟಡದ ಬಲತುದಿಯಲ್ಲಿ ಇರಬೇಕಾದ ದೊಡ್ಡ ಕೋಣೆ ಎಡತುದಿಯಲ್ಲಿತ್ತು.

ಟೈಫಾಯಿಡ್‌ನಿಂದ ಎದ್ದು ಬಂದವನು ನಾನು. ತಲೆ ಇನ್ನೂ ಸರಿಯಾಗಿಲ್ಲ, ದಿಕ್ಕು ತಪ್ಪಿದ್ದೇನೆ ಅಂದುಕೊಂಡೆ. ಸೂರ್ಯನನ್ನು ನೋಡಿದೆ. ಬೆಳಗಿನ ಸೂರ್ಯ ನನ್ನ ಬಲಕ್ಕೇ ಇದ್ದ. ಹಾಗಾದರೆ ಪೂರ್ವ ಅದೇ. ಪೂರ್ವದಲ್ಲಿ ಇರಬೇಕಾದ ಆ ದೊಡ್ಡ ಗ್ಯಾಲರಿ ಕೋಣೆ ಪಶ್ಚಿಮದಲ್ಲಿ ಎದ್ದಿತ್ತು. ನಾನು ರಸ್ತೆ ದಾಟಿ ಆ ಕಡೆಯಿಂದ ಒಮ್ಮೆ ನೋಡಿದೆ. ಮತ್ತೆ ಈ ಕಡೆ ಬಂದು ನೋಡಿದೆ. ಇಡೀ ಕಟ್ಟಡ ಕನ್ನಡಿಯೊಳಗಿನ ಕಟ್ಟಡದ ಹಾಗೆ ತಿರುಗಿ ನಿಂತಿತ್ತು. ಅಲ್ಲೇ ಮೈಲುಗಲ್ಲಿನ ಮೇಲೆ ಕುಳಿತುಬಿಟ್ಟೆ.

ಆಗ ನನಗೆ ಇಪ್ಪತ್ತಮೂರು. ಧಾರವಾಡದಲ್ಲಿ ಒಬ್ಬ ಹಿರಿಯ ಇಂಜಿನಿಯರರ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ವಿಶ್ವವಿದ್ಯಾಲಯವೊಂದು ಬೈಲಹೊಂಗಲದ ಹೊರಗೆ ಹೊಸ ಆವರಣ ಮಾಡುವುದಿತ್ತು. ಅದರ ಮೊದಲ ಪಾಠದ ಕಟ್ಟಡ ನಮ್ಮ ಕಚೇರಿಗೆ ಬಂದಿತ್ತು. ಜಾಗ ನೋಡಲು ಹೋದ ದಿನ ದಿಬ್ಬ ಪೂರ್ವಕ್ಕೆ ಇಳಿಜಾರಾಗಿರುವುದನ್ನು ಕಂಡು ನಾನು ಹೇಳಿದೆ: "ಸರ್, ನೂರು ಮಂದಿ ಮೆಟ್ಟಲ ಮ್ಯಾಲ ಕುಂತು ಪಾಠ ಕೇಳೂ ಗ್ಯಾಲರಿ ಬೇಕಂದಾರಲ್ರಿ, ಅದನ್ನ ಪೂರ್ವದ ತುದೀಗೆ ಇಟ್ರ ನೆಲಾನ ಮೆಟ್ಟಲಾ ಮಾಡಿಕೊಟ್ಟಂಗ ಆಗತೈತ್ರಿ."

ಅವರು ಇಳಿಜಾರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಹಂಗಿದ್ರ ಈ ಕಟ್ಟಡ ನೀನ ಬರಿ," ಅಂದರು.

ಬರೆದೆ. ಪಾಠದ ಕೋಣೆಗಳು ಒಂದೇ ಸಾಲಿನಲ್ಲಿ, ದಕ್ಷಿಣಕ್ಕೆ ಪಡಸಾಲೆ, ಉತ್ತರಕ್ಕೆ ದೊಡ್ಡ ಕಿಟಕಿ. ವಿದ್ಯಾರ್ಥಿಗಳು ಪೂರ್ವಕ್ಕೆ ಮುಖ ಮಾಡಿ ಕೂರುತ್ತಾರೆ, ಉತ್ತರದ ತಂಪು ಬೆಳಕು ಅವರ ಎಡಗಡೆಯಿಂದ ಬರುತ್ತದೆ. ಬಲಗೈಯಲ್ಲಿ ಬರೆಯುವವನಿಗೆ ಬೆಳಕು ಎಡದಿಂದಲೇ ಬರಬೇಕು. ಬಲದಿಂದ ಬಂದರೆ ಅವನ ಕೈಯ ನೆರಳು ಅವನ ಅಕ್ಷರದ ಮೇಲೇ ಬೀಳುತ್ತದೆ. ಇದನ್ನು ನನಗೆ ಯಾವ ಪುಸ್ತಕವೂ ಕಲಿಸಬೇಕಾಗಿರಲಿಲ್ಲ. ರಾಮದುರ್ಗದ ಶಾಲೆಯಲ್ಲಿ ನಮ್ಮ ಕೇರಿಯ ಮಕ್ಕಳು ಕೂರುತ್ತಿದ್ದ ಮೂಲೆಗೆ ಬಲಗಡೆಯ ಬಾಗಿಲೊಂದೇ ಬೆಳಕು. ಏಳು ವರ್ಷ ನಾನು ನನ್ನ ಕೈಯ ನೆರಳಿನೊಳಗೇ ಬರೆದಿದ್ದೆ.

ಅಂಥ ಕಟ್ಟಡ ತಿರುವುಮುರುವಾಗಿತ್ತು. ದಿಬ್ಬ ಹತ್ತಿ ಹೋದೆ. ಗೋಡೆ ಕಟ್ಟುವ ಮುಖ್ಯ ಗೌಂಡಿ, ಮೇಲೆ ಕಲ್ಲು ಕೂರಿಸುತ್ತಿದ್ದವರು, ನನ್ನನ್ನು ನೋಡಿ ಸಡಗರದಿಂದ ಇಳಿದು ಬಂದರು. ಮುನವಳ್ಳಿಯವರು, ಐವತ್ತು ದಾಟಿದವರು. ನಾನು ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆ.

"ಬರ್ರಿ ಸಾಹೇಬ್ರ, ಆರಾಮ ಆದ್ರಿ? ಭಾಳ ಸೊರಗೀರಿ. ನೋಡ್ರಿ, ನಿಮ್ಮ ಕಟ್ಟಡ ಹೆಂಗ ಎದ್ದೈತಿ!"

"ಕಾಕಾ," ಅಂದೆ, "ಗ್ಯಾಲರಿ ಈ ಕಡೆ ಯಾಕ ಬಂತು?"

"ನಕ್ಷಾದಾಗ ಇದ್ದಂಗ ಬಂತ್ರಿ."

"ನಕ್ಷಾದಾಗ ಅದು ಪೂರ್ವಕ್ಕ ಐತಿ."

ಅವರ ಮುಖದ ನಗು ಇನ್ನೂ ಹೋಗಿರಲಿಲ್ಲ. "ತರತೇನಿ ತಡೀರಿ," ಎಂದು ತಗಡಿನ ಶೆಡ್ಡಿಗೆ ಹೋದರು. ಹಲಗೆಗೆ ಬಡಿದಿದ್ದ ಟ್ರೇಸಿಂಗ್ ಹಾಳೆಯನ್ನು ಹಲಗೆಯ ಸಮೇತ ತಂದು ನನ್ನ ಮುಂದೆ ಹಿಡಿದರು. ಪಶ್ಚಿಮದ ತುದಿಯಲ್ಲಿ ದೊಡ್ಡದಾಗಿ 'ಗ್ಯಾಲರಿ' ಎಂದು ಬರೆದಿತ್ತು. ಕನ್ನಡದಲ್ಲಿ. ಪೆನ್ಸಿಲಿನಲ್ಲಿ. ನನ್ನ ಅಕ್ಷರದಲ್ಲಿ.

ಹಲಗೆಯನ್ನು ಕೈಗೆ ತೆಗೆದುಕೊಂಡು ನೋಡಿದೆ. ಕೋಣೆಕೋಣೆಯಲ್ಲೂ ನನ್ನದೇ ಅಕ್ಷರ, ಅಳತೆಗಳೂ ಕನ್ನಡದ ಅಂಕಿಗಳಲ್ಲಿ. ಅವುಗಳ ಕೆಳಗೆ ಶಾಯಿಯ ಇಂಗ್ಲಿಷ್ ಅಕ್ಷರಗಳು ಬೆನ್ನು ತಿರುಗಿಸಿ, ಉಲ್ಟಾ ಕಾಣುತ್ತಿದ್ದವು. ಆಗ ನೆನಪು ಒಂದೊಂದಾಗಿ ಬಂತು. ಕೆಲಸ ಶುರುವಾಗುವ ವಾರ ಧಾರವಾಡದಲ್ಲಿ ನಕ್ಷೆಯ ಪ್ರತಿ ತೆಗೆಯುವ ಯಂತ್ರ ಕೆಟ್ಟಿತ್ತು. ಗುತ್ತಿಗೆದಾರನಿಗೆ ಅವಸರ. ನಾನೇ ಕೂತು ಟ್ರೇಸಿಂಗ್ ಹಾಳೆಯ ಮೇಲೆ ಇನ್ನೊಂದು ಪ್ರತಿ ಇಳಿಸಿದೆ. ಆಗಲೇ ಮೈ ಸುಡುತ್ತಿತ್ತು. ಕಾಕಾ ಅವರಿಗೆ ಇಂಗ್ಲಿಷ್ ಓದಲು ಬಾರದು, ಕನ್ನಡ ಬರುತ್ತದೆ ಎಂದು ಗೊತ್ತಿತ್ತು. ಮುಂಬದಿಯಲ್ಲಿ ಜಾಗವಿಲ್ಲವೆಂದು ಹಾಳೆ ಮಗುಚಿ ಹಿಂಬದಿಯಲ್ಲಿ ಕನ್ನಡ ಬರೆದೆ. ಪಾರದರ್ಶಕ ಹಾಳೆಯನ್ನು ಮಗುಚಿದರೆ ಎಡಬಲ ಬದಲಾಗುತ್ತದೆ ಎಂಬುದು ಕೆಲಸ ಕಲಿತ ಮೊದಲ ವಾರದ ಪಾಠ. ಆ ಜ್ವರದ ತಲೆಗೆ ಅದು ಹೊಳೆಯಲಿಲ್ಲ. ಹಾಳೆಯನ್ನು ಇವರ ಕೈಗೆ ಕೊಟ್ಟು ಅದೇ ದಿನ ರಾಮದುರ್ಗದ ಬಸ್ಸು ಹತ್ತಿದವನು ಎರಡು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ನನ್ನ ಬದಲಿಗೆ ಕಚೇರಿಯಿಂದ ಯಾರೂ ಕೆಲಸ ನೋಡಲು ಬಂದಿರಲಿಲ್ಲ. ಉತ್ತರ ದಿಕ್ಕಿನ ಬಾಣ ಯಾವ ಬದಿಯಿಂದ ನೋಡಿದರೂ ಮೇಲಕ್ಕೇ ಇತ್ತು. ಕಾಕಾ ತಮಗೆ ಓದಲು ಬರುವ ಬದಿಯನ್ನು ಹಿಡಿದು, ಒಂದು ಅಂಗುಲ ಹೆಚ್ಚುಕಡಿಮೆಯಾಗದಂತೆ ಕಟ್ಟಿದ್ದರು.

ಹಲಗೆಯಿಂದ ಹಾಳೆ ಬಿಡಿಸಿ ಬಿಸಿಲಿಗೆ ಹಿಡಿದು ಎರಡೂ ಬದಿ ತೋರಿಸಿದೆ. ಅವರಿಗೆ ತಿಳಿಯಲು ಅರೆಗಳಿಗೆ ಸಾಕಾಯಿತು. ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಇಳಿಜಾರಿಗೆ ಎದುರು ಮೆಟ್ಟಲಾ ಯಾಕ ಅಂತ ನನಗೂ ಅನಿಸಿತ್ರಿ. ಹಿಂದಿನ ಸಾಲು ಎತ್ತರಸಾಕ ಬಂಡಿಗಟ್ಟಲೆ ಗರಸು ಮಣ್ಣ ತುಂಬೇವಿ. ಗುತ್ತೇದಾರನ್ನ ಕೇಳಿದ್ರ, ನಕ್ಷಾದಾಗ ಇದ್ದಂಗ ಕಟ್ಟು ಅಂದ. ಮೂವತ್ತು ವರ್ಷ ಆತು ಈ ಕೆಲಸ ಹಿಡದು, ಕನ್ನಡದಾಗ ಬರದ ನಕ್ಷಾ ಕೈಗೆ ಬಂದದ್ದು ಇದ ಮೊದಲು. ನಕ್ಷಾ ತಪ್ಪಿರತೈತಿ ಅಂತ ಹೆಂಗ ಅನ್ಕೊಳ್ಳಲಿ?"

ಬೈಲಹೊಂಗಲದ ಪೋಸ್ಟಾಫೀಸಿಗೆ ಹೋಗಿ ಧಾರವಾಡಕ್ಕೆ ಟ್ರಂಕ್ ಕಾಲ್ ಹಾಕಿದೆ. "ಸರ್, ಗ್ಯಾಲರಿ ಪಶ್ಚಿಮಕ್ಕ ಬಂದೈತ್ರಿ," ಅಂದೆ.  ಹಿರಿಯರು, "ನಾಳೆ ಬರ್ತೇನಿ," ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಯಾರಿಂದ ಆಯಿತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೇಳದಿರಲು ಕಾರಣ ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಕೇರಿಯಿಂದ ಟೇಬಲ್ಲಿನ ಮುಂದೆ ಕೂತು ಕೆಲಸ ಮಾಡುವವನು ನಾನೊಬ್ಬನೇ. ಮನೆಯಲ್ಲಿ ಬುದ್ಧನ ಪಟದ ಪಕ್ಕ ಅಪ್ಪ ನನ್ನ ನೇಮಕದ ಪತ್ರಕ್ಕೂ ಕಟ್ಟು ಹಾಕಿಸಿದ್ದ. ನನ್ನ ತಪ್ಪು ನನ್ನೊಬ್ಬನ ತಪ್ಪಾಗಿ ಉಳಿಯುವುದಿಲ್ಲ, 'ಇಂಥವರನ್ನು ತೆಗೆದುಕೊಂಡರೆ ಹೀಗೇ' ಎಂಬ ಮಾತಾಗುತ್ತದೆ ಎಂದು ಹೆದರಿದ್ದೆ. ಆ ಹೆದರಿಕೆ ಸುಳ್ಳಲ್ಲ. ಆದರೆ ಅದೇ ಪೂರ್ತಿ ನಿಜವೂ ಅಲ್ಲ. ನನಗೆ ನಾಚಿಕೆಯಾಗಿತ್ತು, ಅಷ್ಟೇ.

ಮರುದಿನ ಬೆಳಿಗ್ಗೆ ಹೋದಾಗ ಕಾಕಾ ಶೆಡ್ಡಿನ ಮುಂದೆ ಕುಳಿತು, ಹಾಳೆಯನ್ನು ತೊಡೆಯ ಮೇಲೆ ಹಲಗೆಗೆ ಒತ್ತಿ ಹಿಡಿದು, ಪೇಟೆಯಿಂದ ತಂದ ಹೊಸ ರಬ್ಬರಿನಿಂದ ತಿಕ್ಕುತ್ತಿದ್ದರು. ನನ್ನ ಕನ್ನಡ ಅಕ್ಷರಗಳು ಮುಕ್ಕಾಲು ಹೋಗಿದ್ದವು.

"ಕಾಕಾ, ಏನ ಮಾಡಾಕತ್ತೀರಿ?"

"ಅಳಸಾಕತ್ತೇನ್ರಿ. ನೀವು ಸುಮ್ಮ ನಿಂದರ್ರಿ. ಓದಾಕ ಬರದ ಗೌಂಡಿ ಹಾಳಿ ತಿರುವಿ ಹಿಡದಾನ ಅಂತ ಅನ್ಕೋತಾರ. ನನಗೇನು, ಈ ಊರಲ್ಲದಿದ್ರ ಇನ್ನೊಂದೂರು."

ಅವರ ಕೈ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ರಬ್ಬರಿನ ಪುಡಿ ಅವರ ಧೋತರದ ಮೇಲೆ ಬೀಳುವುದನ್ನು ನೋಡುತ್ತ ನಿಂತೆ. ಇಷ್ಟು ವರ್ಷಗಳಲ್ಲಿ ಈ ಕಥೆಯನ್ನು ಹಲವರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ ಈ ನಿಂತದ್ದನ್ನು ಬಿಟ್ಟು ಹೇಳಿದ್ದೇನೆ.

ಜೀಪು ಬಂತು. ನಮ್ಮ ಹಿರಿಯ ಇಂಜಿನಿಯರರು ಇಳಿದು ಕಟ್ಟಡವನ್ನು ಒಂದು ಸುತ್ತು ಹಾಕಿದರು.  ಗ್ಯಾಲರಿಯ ಕಲ್ಲಿನ ಮೆಟ್ಟಿಲುಗಳ ಮೇಲೆ ನಿಂತು, "ಯಾರು ಮಾಡಿದ್ದು ಇದು?" ಎಂದು ಕೇಳಿದರು.

"ನಂದರೀ ತಪ್ಪು," ಕಾಕಾ ಮುಂದೆ ಬಂದರು. "ಹಾಳಿ ತಿರುವಿ ಹಿಡದ್ನಿ."

ಹಿರಿಯರು ಸಿಟ್ಟಿನ ಮನುಷ್ಯರಲ್ಲ. ಆದರೆ ಅವತ್ತು ಬೈದರು. ಅಷ್ಟು ವಯಸ್ಸಾದವರನ್ನು ಏಕವಚನದಲ್ಲಿ ಬೈದರು. "ಇಷ್ಟ ವರ್ಷ ಏನ ಕಲ್ತೀದಿ? ನಾಳಿಂದ ಇಲ್ಲಿ ಕಾಲ ಇಡಬ್ಯಾಡ," ಅಂದರು. ಕಾಕಾ ತಲೆ ತಗ್ಗಿಸಿ ನಿಂತಿದ್ದರು. ಸುತ್ತ ಕೆಲಸದವರೆಲ್ಲ ಕೈ ನಿಲ್ಲಿಸಿದ್ದರು. ನಾನೂ ನಿಂತಿದ್ದೆ. 

"ಎಲ್ಲಿ ಆ ಹಾಳಿ?"

ಕಾಕಾ ಕೊಟ್ಟರು. ಹಿರಿಯರು ಅದನ್ನು ಸೂರ್ಯನಿಗೆ ಎದುರಾಗಿ ಎತ್ತಿ ಹಿಡಿದರು. ಪೆನ್ಸಿಲ್ಲು ಹೋಗಿತ್ತು, ಆದರೆ ಜ್ವರದಲ್ಲಿ ನಾನು ಒತ್ತಿ ಬರೆದ ಗುರುತುಗಳು ಹಾಳೆಯಲ್ಲಿ ತೋಡಿದ ಹಾಗೆ ಉಳಿದಿದ್ದವು. ಬಿಸಿಲು ಬಿದ್ದೊಡನೆ ಒಂದೊಂದೇ ಅಕ್ಷರ ಎದ್ದು ಬಂತು. ಅವರು ಓದಿದರು. ನನ್ನ ಅಕ್ಷರವನ್ನು ದಿನವೂ ನೋಡುವವರು. ಹಾಳೆ ಇಳಿಸಿ ನನ್ನ ಕಡೆ ತಿರುಗಿದರು.

ಆಗ ಹೇಳಿದೆ. ಆಗಲೇ, ಅದಕ್ಕಿಂತ ಮುಂಚೆ ಅಲ್ಲ. "ಸರ್, ಬರದಾಂವ ನಾನ. ಹಿಂದಿನ ಬಾಜೂಕ ಬರದ್ನಿ."

"ಇವನು ಬೈಸಿಕೊಳ್ಳೂವಾಗ ನೀ ಎಲ್ಲಿದ್ದಿ?"

"ಇಲ್ಲೇ ಇದ್ದೆ ಸರ್."

ನನಗೆ ಅವರು ಬೈಯಲಿಲ್ಲ. ಬೈದಿದ್ದರೆ ಸಹಿಸಬಹುದಿತ್ತು. ಕಾಕಾ ಅವರ ಕಡೆ ಹೋಗಿ, ಎಲ್ಲರ ಎದುರಿಗೆ ಎರಡೂ ಕೈ ಜೋಡಿಸಿ, "ತಪ್ಪಾತ್ರಿ ನಂದು. ಸಿಟ್ಟಿಗೆ ಬಾಯಿ ಬಿಟ್ಟೆ," ಅಂದರು. ಆ ಕೈ ಜೋಡಿಸಿದ್ದು ಕಟ್ಟಡ ತಿರುಗಿದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಅಲ್ಲಾಡಿಸಿಬಿಟ್ಟಿತು. ಕ್ಷಮೆ ಕೇಳಬೇಕಾದವನು ನಾನು, ಕೇಳಿದವರು ಅವರು.

ಆಮೇಲೆ ಮೂವರೂ ಮೆಟ್ಟಿಲ ಮೇಲೆಯೇ ಕುಳಿತೆವು. ಕೆಡವುವುದು ಆಗದ ಮಾತು. ಉಳಿದ ಕೋಣೆಗಳದ್ದು ಸುಲಭ: ಕಪ್ಪುಹಲಗೆಯನ್ನು ಎದುರು ಗೋಡೆಗೆ ಹಾಕಿದರೆ ಬೆಳಕು ಮತ್ತೆ ಎಡಕ್ಕೆ ಬರುತ್ತದೆ. ಆದರೆ ಗ್ಯಾಲರಿಯ ಮೆಟ್ಟಿಲು ತಿರುಗಿಸಲಾಗುವುದಿಲ್ಲ. ಅಲ್ಲಿ ಕುಳಿತವರ ಮುಖ ಈಗ ಪಶ್ಚಿಮಕ್ಕೆ, ಕಿಟಕಿ ಬಲಕ್ಕೆ.

"ಗೌಂಡ್ಯಾರ, ನೀವ ಹೇಳ್ರಿ. ಏನ ಮಾಡೂಣು?" ಹಿರಿಯರು ಕೇಳಿದರು.

ಕಾಕಾ ದಕ್ಷಿಣದ ಗೋಡೆಯನ್ನು ನೋಡುತ್ತಿದ್ದರು. "ಈ ಗ್ವಾಡಿ ಇನ್ನಾ ಮುಗದಿಲ್ರಿ. ಪಡಸಾಲಿ ಚಾವಣಿ ತಗ್ಗ ಬರತೈತಿ. ಅದರ ಮ್ಯಾಲ ಇದನ್ನ ನಾಕು ಫೂಟ ಎತ್ತರಿಸಿ, ಉದ್ದಕ್ಕೂ ಬೆಳಕಿಂಡಿ ಬಿಟ್ರ? ಉತ್ತರದ ಕಿಟಕಿ ಅರ್ಧ ಮುಚ್ಚೂಣು. ಆಗ ಎಡಗಡೆ ಬೆಳಕ ಜಾಸ್ತಿ ಆಗತೈತಿ."

ಹಿರಿಯರು ನನಗೆ ಹೇಳಿದರು: "ಬರಕೋ." ಬರೆದುಕೊಂಡೆ. "ಕನ್ನಡದಾಗ ಬರಿ. ಮುಂದಿನ ಬಾಜೂಕ ಬರಿ." ಕೆಲಸ ಮುಗಿಯುವವರೆಗೆ ಧಾರವಾಡಕ್ಕೆ ಬರಬೇಡ, ಇಲ್ಲೇ ಇರು ಎಂದು ಹೇಳಿ ಹೊರಟುಹೋದರು. ನನ್ನ ನೌಕರಿ ಉಳಿಯಿತು. ನೆಲದ ಇಳಿಜಾರನ್ನು ಬಳಸಿಕೊಳ್ಳುವ ನನ್ನ ದೊಡ್ಡ ವಿಚಾರ ಮಾತ್ರ ಗರಸಿನ ಕೆಳಗೆ ಹೂತುಹೋಯಿತು.

ಬೆಳಕಿಂಡಿಯ ಕೆಲಸ ನಡೆದಾಗ ಒಂದು ಮಧ್ಯಾಹ್ನ ರೊಟ್ಟಿ ಬಿಚ್ಚಿಕೊಂಡು ಇಬ್ಬರೂ ಕುಳಿತಿದ್ದೆವು. ಧೈರ್ಯ ಮಾಡಿ ಕೇಳಿದೆ: "ಕಾಕಾ, ನನ್ನ ಉಳಸಾಕ ಅಂತ ಯಾಕ ಅಷ್ಟು ಮಾಡಿದ್ರಿ? ನಾ ನಿಮಗ ಏನೂ ಆಗಬೇಕಿಲ್ಲ."

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಆಶ್ಚರ್ಯದಿಂದ ನೋಡಿದರು.

"ನಿಮ್ಮನ್ನ ಉಳಸಾಕ ಅಲ್ರಿ. ನಕ್ಷಾ ಕನ್ನಡದಾಗ ಬರದು ಕೊಟ್ಟದ್ದಕ್ಕ ಕಟ್ಟಡ ಕೆಟ್ಟಿತು ಅಂತ ಒಮ್ಮೆ ಆದ್ರ ಮುಗೀತು. ಇನ್ನ ಯಾರೂ ನಮ್ಮಂಥವರಿಗೆ ಅಂತ ಕನ್ನಡದಾಗ ಬರದು ಕೊಡಾಕ ಹೋಗೂದಿಲ್ಲ. ನಾ ಈ ವಯಸ್ಸಿನ್ಯಾಗ ವಯಸ್ಕರ ಶಾಲಿಗೆ ಹೋಗಿ ಓದಾಕ ಕಲ್ತದ್ದು ಯಾಕ ಹಂಗಾರ?"

 ಅವರು ನನಗಾಗಿ ತಮ್ಮ ಕೂಲಿಯನ್ನು ಬಿಡಲು ಸಿದ್ಧರಾಗಿದ್ದಾರೆ ಎಂದು ಇಷ್ಟು ದಿನ ಒಳಗೊಳಗೇ ಕರಗಿಹೋಗಿದ್ದೆ. ಅವರ ಲೆಕ್ಕದಲ್ಲಿ ನಾನು ಇರಲೇ ಇಲ್ಲ.  ಅವರು ಶೇಂಗಾದ ಚಟ್ನಿಪುಡಿಯನ್ನು ನನ್ನ ರೊಟ್ಟಿಯ ಮೇಲೆ ಹಾಕಿ, "ಉಣ್ರಿ, ಇನ್ನಾ ಸೊರಗೀರಿ," ಅಂದರು.

ಮಳೆಗಾಲಕ್ಕೆ ಮುಂಚೆ ಚಾವಣಿ ಹಾಕಿ ಮುಗಿಯಿತು. ತರಗತಿಗಳು ಶುರುವಾದವು. ಕಾಕಾ ಅವರಿಗೆ ಕಿತ್ತೂರಿನಲ್ಲಿ ಬೇರೆ ಕೆಲಸ ಸಿಕ್ಕಿತು. ಹೊರಡುವ ದಿನ ಬೆಳಕಿಂಡಿಗಳನ್ನು ಒಂದು ಸಲ ಎಣಿಸಿ, ಒಂದರ ಅಂಚಿನ ಗಿಲಾವು ಸರಿಯಿಲ್ಲವೆಂದು ಮತ್ತೆ ಏಣಿ ಹಾಕಿಸಿ, ಅದನ್ನು ತಿದ್ದಿ, ಮಧ್ಯಾಹ್ನದ ಬಸ್ಸಿಗೆ ಹೋದರು.