ಹೋಗದ ಮೀಟಿಂಗಿನಲ್ಲಿ ಸುಶೀಲಕ್ಕ

ಕಳೆದ ಶನಿವಾರ ಸಂಜೆ ನಾಲ್ಕು ಗಂಟೆಗೆ ಸುಶೀಲಕ್ಕ ಒಂದೇ ಹೊತ್ತಿಗೆ ಎರಡು ಕಡೆ ಇದ್ದರು.

ದಾದರಿನ ನಮ್ಮ ಚಾಳಿನಲ್ಲಿ ನೀರಿನ ನಲ್ಲಿಯ ಮುಂದೆ ನಿಂತು ನನ್ನ ಹೆಂಡತಿಯ ಜೊತೆ ಜಗಳವಾಡುತ್ತಿದ್ದರು. (ಇದಕ್ಕೆ ಇಡೀ ಚಾಳೇ ಸಾಕ್ಷಿ.) ಅದೇ ಹೊತ್ತಿಗೆ ಗ್ರಾಂಟ್ ರೋಡಿನ ಹೋಟೆಲಿನ ಮಾಳಿಗೆಯಲ್ಲಿ ಡೈರೆಕ್ಟರುಗಳ ಮೀಟಿಂಗಿನಲ್ಲೂ ಕುಳಿತಿದ್ದರು. ಇದಕ್ಕೆ ಟೈಪು ಮಾಡಿದ ಕಾಗದವೇ ಸಾಕ್ಷಿ.

ಆ ಇಂಗ್ಲಿಷ್ ಕಾಗದ ಹಿಡಿದು ಭಾನುವಾರ ಬೆಳಿಗ್ಗೆ ಅವರೇ ನಮ್ಮ ಮನೆಗೆ ಬಂದರು. ಉಡುಪಿ ಕಡೆಯವರು. ಗಂಡ ಮತ್ತು ಮೈದುನ ವಾಸು ಸೇರಿ ಕಟ್ಟಿದ ಹೋಟೆಲು. ಗಂಡ ತೀರಿಕೊಂಡ ಮೇಲೆ ವಾಸು ಅದನ್ನು ಪ್ರೈವೇಟ್ ಲಿಮಿಟೆಡ್ ಮಾಡಿದ. ಡೈರೆಕ್ಟರುಗಳು ಇಬ್ಬರೇ: ಅವನು ಮತ್ತು ಅತ್ತಿಗೆ.

"ಸೈನ್ ಹಾಕಿ ಕಳಿಸಿ, ಓದಲಿಕ್ಕೆ ಕಷ್ಟಪಡಬೇಡಿ ಅಂತ ಚೀಟಿ ಇಟ್ಟಿದ್ದಾನೆ ಮಾರಾಯ್ರೆ," ಎಂದರು. "ಅದಕ್ಕೇ ಓದಿಸುವಾ ಅಂತ ಬಂದೆ."

ಫೋರ್ಟಿನ ಒಂದು ಕಂಪನಿಯಲ್ಲಿ ಸ್ಟೆನೋ ಆಗಿ ಹನ್ನೆರಡು ವರ್ಷ ಮೀಟಿಂಗಿನ ನಡಾವಳಿ ಬರೆದವನು ನಾನು. ಓದಿದೆ. ವಾಸುದೇವ ಅವರನ್ನು ಆಜೀವ ಮ್ಯಾನೇಜಿಂಗ್ ಡೈರೆಕ್ಟರ್ ಮಾಡಬೇಕು, ಎಲ್ಲ ಅಧಿಕಾರವೂ ಅವರದೇ, ಇನ್ನೊಬ್ಬ ಡೈರೆಕ್ಟರನ್ನು ಕೇಳಬೇಕಾಗಿಲ್ಲ. ಹೀಗೆಂದು ಸೂಚಿಸಿದವರು ಯಾರು? ಶ್ರೀಮತಿ ಸುಶೀಲಾ! ನಿರ್ಣಯ ಸರ್ವಾನುಮತದಿಂದ ಪಾಸು.

"ನಾನು ಬಾಯಿಯೇ ಬಿಡಲಿಲ್ಲವಲ್ಲ!"

"ಬಾಯಿ ಬಿಡೂದು ದೂರ ಉಳೀತು, ಅಕ್ಕಾರ. ನೀವು ಇಲ್ಲದ ಮೀಟಿಂಗೇ ಆಗೂದಿಲ್ಲ. ಇಬ್ಬರೂ ಕೂಡಲೇಬೇಕು, ಕಾನೂನು ಅದ."

ಸುಶೀಲಕ್ಕ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡರು. ಆಮೇಲೆ, "ಹಾಗಾದ್ರೆ ಕೂರುವಾ. ನೀವೂ ಬನ್ನಿ," ಎಂದು ಎದ್ದರು.

ಲೋಕಲ್ ಹತ್ತಿ ಹೋದೆವು. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ವಾಸು ಎದ್ದು ನಿಂತ. "ಬನ್ನಿ ಅತ್ತಿಗೆ, ಎಂತ ತಗೊಳ್ತೀರಿ?"

"ತಿನ್ಲಿಕ್ಕೆ ಬಂದದ್ದಲ್ಲ. ಮೀಟಿಂಗಿಗೆ ಬಂದದ್ದು."

ಅವನು ನಕ್ಕ. "ಮನೆಯವರೊಳಗೆ ಎಂತ ಮೀಟಿಂಗ್? ವಕೀಲರು ಬರೆದುಕೊಟ್ಟದ್ದು, ಬರೀ ಫಾರ್ಮಾಲಿಟಿ."

ಇಂಥ ಕಡೆ ಫಾರ್ಮಾಲಿಟಿ ಎಂಬ ಮಾತು ಕೇಳಿದರೆ ನಾನು ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ಕಾನೂನು ಹೇಳಲು ಬಾಯಿ ತೆರೆದೆ. "ನೀವು ಯಾರು?" ಎಂದ. ಮುಚ್ಚಿದೆ.

ಸುಶೀಲಕ್ಕ ಮುಚ್ಚಲಿಲ್ಲ. "ನಿನ್ನ ಅಣ್ಣ ಇದ್ದಾಗ ಇಬ್ಬರೂ ಎದುರು ಬದುರು ಕೂತು ಜಗಳ ಮಾಡಿಯೇ ಎಲ್ಲ ತೀರ್ಮಾನ ಮಾಡ್ತಿದ್ರಿ. ನನ್ನ ಹತ್ತಿರ ಜಗಳ ಮಾಡ್ಲಿಕ್ಕೆ ನಿನಗೆ ಎಂತ ತೊಂದರೆ?"

"ನಿಮಗೆ ನನ್ನ ಮೇಲೆ ಸಂಶಯವಾ, ಅತ್ತಿಗೆ?"

"ಇರ್ಲಿಲ್ಲ. ಕಾಗದ ಓದಿಸಿದ ಮೇಲೆ ಬಂತು."

ಗಿರಾಕಿಗಳು ತಿರುಗಿ ನೋಡಿದರು. ವಾಸುವಿನ ಮುಖ ಕೆಂಪಾಯಿತು. ಮಾಳಿಗೆಗೆ ಕರೆದೊಯ್ದ. ಒಂದು ಗಂಟೆ ಜಗಳ ನಡೆಯಿತು, ನಿಜವಾದ ಮೀಟಿಂಗಿನ ಹಾಗೆ. ಕೊನೆಗೆ ಒಪ್ಪಿದ: ಮ್ಯಾನೇಜಿಂಗ್ ಡೈರೆಕ್ಟರ್ ಅವನೇ, ಆದರೆ ಒಂದು ವರ್ಷಕ್ಕೆ. ಹೊಸ ಶಾಖೆ, ಸಾಲ, ಪಾಲುಗಳ ವಿಷಯಕ್ಕೆ ಇಬ್ಬರ ಒಪ್ಪಿಗೆಯೂ ಬೇಕು. ಅಲ್ಲೇ ಕುಳಿತು ನಾನೇ ಬರೆದೆ, ಕನ್ನಡದಲ್ಲೂ ಓದಿ ಹೇಳಿದೆ. ಸುಶೀಲಕ್ಕ ಎರಡನೇ ಸಲ ಓದಿಸಿ ಸಹಿ ಹಾಕಿದರು. ಅವನೂ ಹಾಕಿದ, ನನ್ನ ಮುಖ ನೋಡದೆ.

ಅತ್ತಿಗೆಗೆ ಕಾಫಿ ಬಂತು. ನನಗೆ ಬರಲಿಲ್ಲ.

ವಾಪಸು ಬರುವಾಗ ಸುಶೀಲಕ್ಕ, "ವಾಸು ಕೆಟ್ಟವನಲ್ಲ. ಕೇಳುವವರಿಲ್ಲದೆ ಅಭ್ಯಾಸವಾಗಿ ಹೋಗಿದೆ," ಎಂದರು. ಅವರ ಮನಸ್ಸು ದೊಡ್ಡದು. ನನ್ನದು ಅಷ್ಟಿಲ್ಲ.

ದಾದರ್ ಬರುವ ಹೊತ್ತಿಗೆ ಕಿಟಕಿಯ ಕಡೆ ನೋಡುತ್ತ ಮೆಲ್ಲನೆ ಹೇಳಿದರು: "ಇದಕ್ಕಿಂತ ಮೊದಲು ಏಳು ಕಾಗದಕ್ಕೆ ಓದಿಸದೇ ಸೈನ್ ಹಾಕಿದ್ದೇನೆ."

ಆ ಏಳು ಮೀಟಿಂಗುಗಳಲ್ಲಿ ಸುಶೀಲಕ್ಕ ಏನೇನು ಸೂಚಿಸಿದ್ದಾರೋ?